ಟೆಂಟಿಗೆ ಹಾಕಿದ ತೇಪೆ

ಹೊಟ್ಟೆಕಿಚ್ಚು ನನಗೆ ಎಲ್ಲರ ಮೇಲೂ ಬರುವುದಿಲ್ಲ. ಪಕ್ಕದ ಮನೆಯವರು ಹೊಸ ಕಾರು ತಂದರೆ ನಾನೇ ಹೋಗಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಬರುತ್ತೇನೆ. ನನ್ನ ನಾದಿನಿಗೆ ಅರವತ್ತು ದಾಟಿದರೂ ತಲೆಯಲ್ಲಿ ಒಂದು ಬಿಳಿಕೂದಲಿಲ್ಲ, ಅದಕ್ಕೂ ನನ್ನ ತಕರಾರಿಲ್ಲ. ಆದರೆ ನನ್ನೆದುರು ಯಾರಾದರೂ ಸೂಜಿ ಹಿಡಿದು ಕೂತು ನನಗಿಂತ ಚೆನ್ನಾಗಿ ಏನಾದರೂ ಹೊಲಿದುಬಿಟ್ಟರೆ ಮಾತ್ರ ಎದೆಯ ಕೆಳಗೆಲ್ಲೋ ಒಲೆ ಹೊತ್ತಿಕೊಳ್ಳುತ್ತದೆ. ಮುಖದಲ್ಲಿ ನಗು ಇರುತ್ತದೆ, ಬಾಯಲ್ಲಿ "ತುಂಬಾ ಚೆನ್ನಾಗಿದೆ" ಎಂಬ ಮಾತೂ ಇರುತ್ತದೆ. ಕೈ ಮಾತ್ರ ಆ ಬಟ್ಟೆಯನ್ನು ಮಗುಚಿ ಹಿಂಭಾಗ ನೋಡಲು ಹಾತೊರೆಯುತ್ತಿರುತ್ತದೆ. ಹಿಂದೆ ದಾರವೆಲ್ಲ ಗೋಜಲಾಗಿದ್ದರೆ ಆ ದಿನ ನನಗೆ ಊಟ ರುಚಿಸುತ್ತದೆ.

ಇದಕ್ಕೆ ನನ್ನ ಕೆಲಸವೂ ಸ್ವಲ್ಪ ಕಾರಣ. ಸರ್ವಜ್ಞನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಮೂವತ್ತು ವರ್ಷ ಹೊಲಿಗೆ ಟೀಚರ್ ಆಗಿದ್ದೆ. ನಾಗರತ್ನ ಮಿಸ್ ಎಂದರೆ ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಎಲ್ಲರೂ ಸ್ಕೇಲು ಹುಡುಕುತ್ತಿದ್ದರು. ನನ್ನ ತರಗತಿಯಲ್ಲಿ ಹೊಲಿಗೆ ಎಂದರೆ ನೇರ, ಅಷ್ಟೇ. ಒಂದು ಹೊಲಿಗೆ ಅಕ್ಕಿಕಾಳಿನಷ್ಟಿದ್ದರೆ ಮುಂದಿನದೂ ಅಕ್ಕಿಕಾಳಿನಷ್ಟೇ ಇರಬೇಕು, ಗೋಧಿಯಷ್ಟಾದರೆ ಬಿಚ್ಚಿಸುತ್ತಿದ್ದೆ. ಹಾಗೆ ಬಿಚ್ಚಿ ಬಿಚ್ಚಿ ಅತ್ತ ಹುಡುಗಿಯರು ಇಂದು ಇಂದಿರಾನಗರದ ರಸ್ತೆಯಲ್ಲಿ ಸಿಕ್ಕಿ ಕಾಲಿಗೆ ನಮಸ್ಕಾರ ಮಾಡುತ್ತಾರೆ. ಅವರ ಪೈಕಿ ಒಬ್ಬಳಾದರೂ ಈಗ ಸೂಜಿ ಮುಟ್ಟುತ್ತಾಳೆಯೇ ಎಂಬುದು ನನಗೆ ಅನುಮಾನ.

ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾಗದೆ ಒಂದು ಶನಿವಾರದ ಗುಂಪು ಕಟ್ಟಿಕೊಂಡೆ. ಐದಾರು ಜನ ಹೆಂಗಸರು. ಹಲಸೂರಿನಲ್ಲಿ ಕೆರೆ ಕಾಣುವ ಹಾಗೆ ಮನೆ ಇರುವ ಶೈಲಜಾಳ ಹಾಲ್‌ನಲ್ಲಿ ಸೇರುತ್ತೇವೆ. ಹೊಸ ತಿಪ್ಪಸಂದ್ರದ ನಮ್ಮ ಮನೆಯಿಂದ ಇಂದಿರಾನಗರ ಸ್ಟೇಷನ್ನಿಗೆ ಆಟೋ, ಅಲ್ಲಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ. ಶೈಲಜಾ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವಳು. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ಚಿಕ್ಕವಳು, ಆದರೂ ನನ್ನನ್ನು ಮಿಸ್ ಎಂದೇ ಕರೆಯುತ್ತಾಳೆ. ಮೊದಲ ದಿನ ಕಸೂತಿಯ ರಿಂಗನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಕೇಳಿದವಳು ಅವಳು. ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ರಿಂಗು ಎಂದು ಹೇಳಿಕೊಟ್ಟವಳು ನಾನು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು ಎಂದೇನೂ ಇಲ್ಲ, ನಾನು ಮರೆಯುವುದಿಲ್ಲ.

ಹೋದ ವರ್ಷ ಶೈಲಜಾಳ ಮಗಳು ಅಮ್ಮನನ್ನು ಕ್ಯಾಂಪಿಂಗ್‌ಗೆ ಕರೆದುಕೊಂಡು ಹೋದಳು. ಕೋಲಾರದ ದಾರಿಯಲ್ಲಿ ಒಂದು ಬಂಡೆಗುಡ್ಡದ ಕೆಳಗೆ ಯಾರೋ ಸಾಲಾಗಿ ಟೆಂಟು ಹಾಕಿಸಿದ್ದಾರೆ, ವಾರದ ಕೊನೆಗೆ ನಗರದ ಜನ ಹೋಗಿ ಮಲಗಿ ಎದ್ದು ಬರುತ್ತಾರೆ. ಮನೆಯಲ್ಲಿ ಫ್ಯಾನು, ಹಾಸಿಗೆ, ಬಿಸಿನೀರು ಎಲ್ಲ ಇರುವಾಗ ಈ ಹುಚ್ಚು ಯಾಕೆಂದು ನಾನು ನಕ್ಕಿದ್ದೆ. ಎರಡು ವಾರ ಕಳೆದು ಶೈಲಜಾ ಒಂದು ಬಟ್ಟೆಯನ್ನು ಟೀಪಾಯಿಯ ಮೇಲೆ ಹರಡಿದಳು. ಬೂದು ಬಣ್ಣದ ಖಾದಿ, ಅದರ ಮೇಲೆ ತೆಳುಹಸಿರು, ಸುಣ್ಣದ ಬಿಳಿ, ತುಕ್ಕಿನ ಕೆಂಪು ದಾರಗಳಲ್ಲಿ ಮಚ್ಚೆಮಚ್ಚೆಯಾಗಿ ಏನೋ ಹಬ್ಬಿತ್ತು.

"ಕಲ್ಲುಹೂವು ಮಿಸ್," ಎಂದಳು. "ಬೆಳಿಗ್ಗೆ ಟೆಂಟಿಂದ ಆಚೆ ಬಂದ್ರೆ ಬಂಡೆ ತುಂಬಾ ಇದೇ. ಒಂದು ಗಂಟೆ ನೋಡ್ತಾ ಕೂತ್ಬಿಟ್ಟೆ."

ಗುಂಪಿನಲ್ಲಿ ಮೇರಿ ಎಂಬವಳಿದ್ದಾಳೆ. ಸರ್ವಜ್ಞನಗರದಲ್ಲಿ ಬೇಕರಿ ಇಟ್ಟಿರುವ ಮನೆತನದವಳು, ಹೊಗಳಿದರೂ ಜೋರು, ತೆಗಳಿದರೂ ಜೋರು. ಅವಳು ಬಟ್ಟೆಯನ್ನು ಸವರುತ್ತ "ಏನ್‌ಮಾ ಶೈಲು ಇದು, ಮುಟ್ಟಿದ್ರೆ ಕಲ್ಲೇ ಮುಟ್ಟಿದ ಹಾಗಿದೆ" ಎಂದಳು. ನಾನೂ ಸವರಿದೆ. ಸವರುವ ನೆಪದಲ್ಲಿ ಮಗುಚಿದೆ. ಹಿಂಭಾಗ ಗೋಜಲೋ ಗೋಜಲು. ಆದರೆ ಆ ದಿನ ಅದನ್ನು ನೋಡಿಯೂ ಸಮಾಧಾನವಾಗಲಿಲ್ಲ, ಯಾಕೆಂದರೆ ಮುಂಭಾಗ ನಿಜಕ್ಕೂ ಕಲ್ಲಿನಂತೆಯೇ ಇತ್ತು. ಮನೆಗೆ ಬಂದು ಮಸಾಲೆ ಡಬ್ಬಿ ತೆಗೆದೆ. ನಮ್ಮಲ್ಲೂ ಕಲ್ಲುಹೂವು ಇತ್ತು. ನಲವತ್ತು ವರ್ಷದಿಂದ ಅದನ್ನು ಹುರಿದು ಪುಡಿ ಮಾಡಿ ಸಾಗುವಿಗೆ ಹಾಕುತ್ತಿದ್ದೇನೆ, ಒಂದು ದಿನವೂ ಅದು ನನಗೆ ಸ್ಫೂರ್ತಿ ಕೊಟ್ಟಿರಲಿಲ್ಲ.

ಆಮೇಲೆ ಶೈಲಜಾ ತಿಂಗಳಿಗೊಮ್ಮೆ ಹೋಗತೊಡಗಿದಳು. ಒಮ್ಮೆ ಹುತ್ತವನ್ನು ಹೊಲಿದು ತಂದಳು, ಇನ್ನೊಮ್ಮೆ ಒಣಗಿದ ಕೆರೆಯ ಬಿರುಕುಗಳನ್ನು. ನಾನು ಅಷ್ಟರಲ್ಲಿ ಮೂರನೆಯ ನವಿಲನ್ನು ಮುಗಿಸುತ್ತಿದ್ದೆ. ನನ್ನ ನವಿಲುಗಳು ಬಹಳ ಅಚ್ಚುಕಟ್ಟು. ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ ಇರುತ್ತವೆ, ಒಂದು ಗರಿಯೂ ಆಚೀಚೆ ಆಗುವುದಿಲ್ಲ.

ಹಲಸೂರಿನ ಒಂದು ಪುಟ್ಟ ಸಭಾಂಗಣದಲ್ಲಿ ನಮ್ಮ ಗುಂಪಿನ ಕೆಲಸವನ್ನು ಪ್ರದರ್ಶನಕ್ಕಿಡುವುದೆಂದು ನಿಶ್ಚಯವಾದಾಗ ನನ್ನ ಸಂಕಟ ಶುರುವಾಯಿತು. ಆ ಸಭಾಂಗಣದಲ್ಲಿ ಬಾಗಿಲಿಗೆ ಎದುರಾಗಿ ಒಂದು ದೊಡ್ಡ ಗೋಡೆ ಇದೆ. ಒಳಗೆ ಕಾಲಿಟ್ಟವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಗುಂಪು ಕಟ್ಟಿದವಳು ನಾನು, ಕಲಿಸಿದವಳು ನಾನು, ಆ ಗೋಡೆ ಯಾರದೆಂದು ಕೇಳಬೇಕೇ ಎಂದುಕೊಂಡಿದ್ದೆ. ಮೇರಿ ಜಾಗ ಅಳೆದು ಬಂದು ಹೇಳಿದಳು. "ಎದುರು ಗೋಡೆಗೆ ಶೈಲುದು ಹಾಕೋಣ. ಮಿಸ್‌ದು ನವಿಲು ಸ್ವಿಚ್‌ಬೋರ್ಡ್ ಪಕ್ಕ ಕರೆಕ್ಟಾಗಿ ಕೂರುತ್ತೆ, ಅಳತೆ ನೋಡ್ಕೊಂಡು ಬಂದೆ." ಎಲ್ಲರೂ ನನ್ನ ಮುಖ ನೋಡಿದರು. ನಾನು "ಒಳ್ಳೇದೇ ಆಯ್ತು, ಅಲ್ಲಿ ಬೆಳಕು ಚೆನ್ನಾಗಿರುತ್ತೆ" ಎಂದೆ.

ಮನೆಗೆ ಬಂದವಳೇ ನಮ್ಮವರಿಗೆ ಹೇಳಿದೆ, "ರೀ, ನಾವೂ ಕ್ಯಾಂಪಿಂಗ್ ಹೋಗೋಣ."

ನಮ್ಮವರು ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಯಾವ ಮಾತಿಗೂ ತಕ್ಷಣ ಉತ್ತರ ಕೊಡುವ ಪದ್ಧತಿ ಇಲ್ಲ. ಪೇಪರ್ ಮಡಿಸಿಟ್ಟು, ಕನ್ನಡಕ ತೆಗೆದು, "ನೆಲದ ಮೇಲೆ ಮಲಗಿದ್ರೆ ನಿನ್ನ ಸೊಂಟ ಎದ್ದೇಳುತ್ತಾ ನಾಗೂ?" ಎಂದು ಕೇಳಿದರು.

"ಸ್ಫೂರ್ತಿ ಬೇಕು ಅಂದ್ರೆ ಸೊಂಟ ನೋಡ್ತಾ ಕೂರೋಕಾಗಲ್ಲ."

"ಶೈಲಜಾ ಅವರ ಜೊತೆ ಹೋಗಬಹುದಲ್ವಾ?"

ಅದೊಂದು ಮಾತ್ರ ಆಗದು ಎಂದೆ. ಯಾಕೆ ಆಗದು ಎಂದು ಅವರು ಕೇಳಲಿಲ್ಲ. ಮದುವೆಯಾಗಿ ಮೂವತ್ತೈದು ವರ್ಷವಾದವರಿಗೆ ಕೆಲವು ಪ್ರಶ್ನೆಗಳ ಉತ್ತರ ಹೆಂಡತಿಯ ಮುಖದಲ್ಲೇ ಸಿಗುತ್ತದೆ. ಆ ವಾರ ಗುಂಪಿನವರಿಗೆ ಹೊಸಕೋಟೆಯಲ್ಲಿ ಚಿಕ್ಕಮ್ಮನ ಮಗನ ಗೃಹಪ್ರವೇಶವಿದೆ ಎಂದು ಸಂದೇಶ ಕಳಿಸಿದೆ. ಶನಿವಾರ ಮಧ್ಯಾಹ್ನ ಕೆ.ಆರ್. ಪುರದ ತೂಗುಸೇತುವೆಯ ಬಳಿ ನಮ್ಮ ಹಳೇ ಕಾರು ಮುಕ್ಕಾಲು ಗಂಟೆ ನಿಂತಿತು. ಎರಡೂ ಕಡೆ ಲಾರಿ. ಸ್ಫೂರ್ತಿ ಇಲ್ಲಿಂದಲೇ ಶುರುವಾಗಲಿ ಎಂದು ಲಾರಿಯ ಹಿಂದೆ ಬರೆದ ಚಿತ್ತಾರವನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆ. ಅದೂ ನವಿಲೇ ಆಗಿತ್ತು.

ಶೈಲಜಾ ಹೋಗುವ ಅದೇ ಟೆಂಟಿನ ಜಾಗದಲ್ಲಿ ನಮ್ಮನ್ನು ಬರಮಾಡಿಕೊಂಡವಳು ಮಹಾದೇವಿ. ನಲವತ್ತರ ಆಸುಪಾಸಿನ ಹೆಂಗಸು, ಯಾದಗಿರಿ ಕಡೆಯವಳು. ಗಂಡನಿಗೆ ಕಟ್ಟಡದ ಕೆಲಸ, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ಶನಿವಾರ ಭಾನುವಾರ ಇವಳು ಇಲ್ಲಿ ಬಂದು ಅತಿಥಿಗಳಿಗೆ ರೊಟ್ಟಿ ಬಡಿಯುತ್ತಾಳೆ. "ಬರ್ರಿ ಅಕ್ಕಾರ, ಚಹಾ ಕುಡೀರಿ, ಆಮ್ಯಾಲ ಡೇರೆ ತೋರಸ್ತೀನಿ" ಎಂದಳು. ನನಗೆ ಚಹಾಕ್ಕೆ ಪುರುಸೊತ್ತಿರಲಿಲ್ಲ. ಸೂರ್ಯ ಮುಳುಗುವುದರೊಳಗೆ ಏನಾದರೂ ಸಿಗಬೇಕಿತ್ತು. ನೋಟ್‌ಬುಕ್ಕು ಹಿಡಿದು ಇಡೀ ಗುಡ್ಡದ ಬುಡ ಸುತ್ತಿದೆ. ಹುಲ್ಲು ನೋಡಿದೆ, ಹುಲ್ಲು. ಕಲ್ಲು ನೋಡಿದೆ, ಕಲ್ಲು. ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ನನ್ನ ಹುಡುಗಿಯರು ಹೇಗೆ ಬಾಯಿ ಬಿಗಿದು ನಿಲ್ಲುತ್ತಿದ್ದರೋ ಹಾಗೆ ಇಡೀ ಪ್ರಕೃತಿ ನನ್ನ ಮುಂದೆ ನಿಂತಿತ್ತು.

ಕೊನೆಗೆ ಶೈಲಜಾಳ ಬಂಡೆ ಸಿಕ್ಕಿತು. ಅದೇ ಎಂದು ನೋಡಿದ ಕೂಡಲೇ ತಿಳಿಯಿತು. ಅದೇ ಬೂದು, ಅದೇ ಹಸಿರು, ಅಂಚಿನಲ್ಲಿ ಅದೇ ತುಕ್ಕಿನ ಕೆಂಪು. ಹತ್ತಿರ ಹೋಗಿ, ದೂರ ನಿಂತು, ತಲೆ ವಾಲಿಸಿ, ಎಲ್ಲ ರೀತಿಯಲ್ಲೂ ನೋಡಿದೆ. ಹೇಳಲು ನಾಚಿಕೆಯಾಗುತ್ತದೆ, ಬಂಡೆಗಿಂತ ಅವಳ ಬಟ್ಟೆಯೇ ಚೆನ್ನಾಗಿತ್ತು. ನಮ್ಮವರು ಅಷ್ಟರಲ್ಲಿ ಮಹಾದೇವಿಯ ಒಲೆಯ ಬಳಿ ಕೂತು ರೊಟ್ಟಿ ತಟ್ಟುವುದನ್ನು ಕಲಿಯುತ್ತ ಮೂರನೆಯ ಲೋಟ ಚಹಾ ಮುಗಿಸಿದ್ದರು. ಎಂಟು ಗಂಟೆಗೆಲ್ಲ ಟೆಂಟಿನಲ್ಲಿ ಮಗುವಿನಂತೆ ಮಲಗಿಬಿಟ್ಟರು. ನನ್ನ ಸೊಂಟ ಮಲಗಲಿಲ್ಲ.

ಬೆಳಿಗ್ಗೆ ನನಗೆ ಎಲ್ಲದರ ಮೇಲೂ ಸಿಟ್ಟು. ಹೊರಡೋಣ ಎಂದು ಚೀಲವನ್ನು ದರದರ ಎಳೆದೆ. ಅದರ ಹೊರಜೇಬಿನಲ್ಲಿ ನನ್ನ ಕಸೂತಿ ಕತ್ತರಿ ತುದಿ ಮೇಲಾಗಿ ಇತ್ತು. ಟೆಂಟಿನ ಗೋಡೆ ಒಂದು ಗೇಣಿನಷ್ಟು ಹರಿಯಿತು. ಹರಿದ ಸಂದಿನಿಂದ ಬಿಸಿಲು ಒಳಗೆ ಬಂದು ನಮ್ಮವರ ಮೂಗಿನ ಮೇಲೆ ಬಿತ್ತು. ಅವರು ಕಣ್ಣು ಬಿಟ್ಟು, "ಕಿಟಕಿ ಬೇಕಿತ್ತಾ?" ಎಂದರು.

ಮಹಾದೇವಿ ಬಂದು ನೋಡಿದಳು. ನಾನು ಕ್ಷಮೆ ಕೇಳುವ ಮೊದಲೇ "ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಹೊಲದ್ರ ಆತು" ಎಂದು ಒಳಗಿನಿಂದ ಹಳೇ ಕೆಂಪು ಸೀರೆಯ ತುಂಡೊಂದನ್ನು ತಂದಳು. ಸೂಜಿ, ದಾರ ನನ್ನ ಬಳಿ ಇದ್ದವು. ಹೊರಗಿನಿಂದ ಅವಳು ತೇಪೆಯನ್ನು ಹಿಡಿದುಕೊಂಡಳು, ಒಳಗಿನಿಂದ ನಾನು ಅದರ ನಾಲ್ಕೂ ಬದಿಗೆ ಹೊಲಿಗೆ ಹಾಕಿದೆ. ಸ್ಕೇಲು ಇಟ್ಟು ಎಳೆದಂತೆ ಬಂತು. ನಾನು ಮುಗಿಸಿದ ಮೇಲೆ ಅವಳು "ಇಷ್ಟಕ್ಕ ನಿಲ್ಲಂಗಿಲ್ರಿ, ಗಾಳಿ ಜಗ್ತದ" ಎಂದು ಸೂಜಿ ಇಸಿದುಕೊಂಡು ತೇಪೆಯ ಸುತ್ತ ರನ್ನಿಂಗ್ ಸ್ಟಿಚ್ಚಿನ ಸಾಲುಗಳನ್ನು ಹಾಕತೊಡಗಿದಳು. ಒಂದು ಸಾಲು, ಅದರ ಸುತ್ತ ಇನ್ನೊಂದು, ಅದರ ಸುತ್ತ ಮತ್ತೊಂದು. ಯಾವ ಸಾಲೂ ನೆಟ್ಟಗಿಲ್ಲ, ಯಾವ ಹೊಲಿಗೆಯೂ ಹಿಂದಿನದರ ಅಳತೆಯಲ್ಲಿಲ್ಲ. ಮಾತಾಡುತ್ತ, ನಗುತ್ತ, ಒಲೆಯ ಕಡೆ ನೋಡುತ್ತ ಹಾಕಿದಳು. ತಮ್ಮ ಊರ ಕಡೆ ಹಳೇ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೀಗೆಯೇ ಕೌದಿ ಹೊಲಿಯುತ್ತಾರೆ ಎಂದಳು. ನಾನು ತಲೆಯಾಡಿಸಿದೆ. ಮನಸ್ಸಿನಲ್ಲಿ, ನನ್ನ ಕ್ಲಾಸಿನಲ್ಲಾಗಿದ್ದರೆ ಅಷ್ಟನ್ನೂ ಬಿಚ್ಚಿಸುತ್ತಿದ್ದೆ ಎಂದುಕೊಂಡೆ. ಖಾಲಿ ನೋಟ್‌ಬುಕ್ಕಿನೊಂದಿಗೆ ಮನೆಗೆ ಬಂದೆವು.

ಮೂರು ವಾರದ ನಂತರ ಶೈಲಜಾ ಇನ್ನೊಂದು ಬಟ್ಟೆ ತಂದಳು. ಅದನ್ನು ಹರಡಿದಾಗ ಮೇರಿ ಕುರ್ಚಿ ಬಿಟ್ಟು ಎದ್ದು ಬಂದಳು. ಕಪ್ಪು ನೀಲಿ ಬಟ್ಟೆ, ನಡುವೆ ಒಂದು ಕೆಂಪು ತುಂಡು, ಅದರ ಸುತ್ತ ಸಾಲು ಸಾಲಾಗಿ ಅಲೆಯುತ್ತ ಹೊರಗೆ ಹೊರಗೆ ಹರಡುವ ಬಿಳಿ ಹೊಲಿಗೆ. ನೀರಿಗೆ ಕಲ್ಲು ಹಾಕಿದ ಹಾಗೆ.

"ಈ ಸಲ ಬೆಟ್ಟ ಗಿಟ್ಟ ಏನೂ ಅಲ್ಲ," ಎಂದಳು ಶೈಲಜಾ. "ನಮ್ಗೆ ಕೊಟ್ಟ ಟೆಂಟಲ್ಲಿ ಒಂದು ತೇಪೆ ಇತ್ತು. ಯಾರೋ ಗೊತ್ತಿಲ್ಲ, ಯಾರೋ ಪುಣ್ಯಾತ್ಗಿತ್ತಿ ಹೊಲ್ದಿದ್ದಾಳೆ. ಇಷ್ಟು ದಿನ ನೋಡಿದ್ದೆಲ್ಲಾ ಒಂದ್ಕಡೆ, ಇದೊಂದು ಒಂದ್ಕಡೆ." ಮೊಬೈಲಿನಲ್ಲಿ ಫೋಟೊ ತೋರಿಸಿದಳು. ನನ್ನ ಕತ್ತರಿ ಹರಿದ ಟೆಂಟು, ಮಹಾದೇವಿಯ ಕೆಂಪು ಸೀರೆ, ನನ್ನ ಬಿಳಿ ದಾರ.

ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚೇ. ಆ ಪುಣ್ಯಾತ್ಗಿತ್ತಿ ಯಾರೋ ನನಗಿಂತ ಮೇಲು ಎಂದು ಎದೆ ಉರಿಯಿತು. ಆ ಪುಣ್ಯಾತ್ಗಿತ್ತಿ ನಾನೇ ಎಂದು ಹೊಳೆಯಲು ಎರಡು ಕ್ಷಣ ಬೇಕಾಯಿತು. ಹೊಳೆದ ಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ.

"ಅದು ನಾನು ಹೊಲಿದದ್ದು," ಎಂದೆ.

ಗೃಹಪ್ರವೇಶದ ಸುಳ್ಳು ಅಲ್ಲಿಗೆ ಬಯಲಾಯಿತು. ಅದನ್ನು ಯಾರೂ ಎತ್ತಲಿಲ್ಲ. ಶೈಲಜಾ ನನ್ನ ಎರಡೂ ಕೈ ಹಿಡಿದುಕೊಂಡಳು. "ಈ ಸುತ್ತು ಹೊಲಿಗೆ ಎಲ್ಲಾನೂ ನೀವೇನಾ ಮಿಸ್?" ಎಂದು ಕೇಳಿದಳು. ಅವಳ ಬೆರಳು ಫೋಟೊದಲ್ಲಿ ಮಹಾದೇವಿಯ ಸಾಲುಗಳ ಮೇಲಿತ್ತು. ನನ್ನ ನಾಲ್ಕು ಬದಿಯ ನೇರ ಹೊಲಿಗೆಯನ್ನು ಅವಳು ಗಮನಿಸಿದ ಹಾಗೇ ಕಾಣಲಿಲ್ಲ.

"ಎಲ್ಲಾನೂ," ಎಂದೆ.

"ಹಾಗಾದ್ರೆ ಎದುರು ಗೋಡೆ ಮಿಸ್‌ದೇ," ಎಂದಳು ಶೈಲಜಾ, ಒಂದಿಷ್ಟೂ ಯೋಚಿಸದೆ. "ನನ್ನದು ಎಲ್ಲಾದ್ರೂ ಹಾಕಿ. ಈಗ ನಮ್ಗೂ ಸ್ವಲ್ಪ ತೋರಿಸ್ಕೊಡಿ." ಬಟ್ಟೆಯ ತುಂಡು, ಸೂಜಿ ಕೈಗಿತ್ತಳು. ಎಲ್ಲರೂ ಕುರ್ಚಿ ಎಳೆದುಕೊಂಡು ಸುತ್ತ ಕೂತರು. ನಾನು ಹೊಲಿಯತೊಡಗಿದೆ. ಸೊಟ್ಟ ಹಾಕಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಕೈ ನೆಟ್ಟಗೇ ಹೋಗುತ್ತದೆ. ಬೇಕೆಂದೇ ಒಂದು ಹೊಲಿಗೆ ವಾಲಿಸಿದರೆ ಮುಂದಿನದು ತಾನಾಗಿ ಅದನ್ನು ಸರಿಮಾಡುತ್ತದೆ. ಹತ್ತು ನಿಮಿಷದಲ್ಲಿ ಐದನೇ ಕ್ಲಾಸಿನ ಪರೀಕ್ಷೆಗೆ ಇಡಬಹುದಾದ ಮೂರು ಸಾಲು ತಯಾರಾದವು. ಶೈಲಜಾ ಅದನ್ನು ನೋಡಿದಳು, ಫೋಟೊ ನೋಡಿದಳು. "ಪರವಾಗಿಲ್ಲ ಮಿಸ್, ಇವತ್ತು ಸುಸ್ತಾಗಿದ್ದೀರಿ, ಕಾಫಿ ಮಾಡ್ತೀನಿ" ಎಂದು ಎದ್ದು ಹೋದಳು. ಆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಮೆಟ್ರೊ ಹತ್ತಿದೆ.

ಮನೆಯಲ್ಲಿ ನಡೆದದ್ದನ್ನು ಹೇಳಿದೆ, ಒಂದು ವಾಕ್ಯ ಬಿಟ್ಟು. ನಮ್ಮವರು ಬಟಾಣಿ ಸುಲಿಯುತ್ತಿದ್ದರು. "ಆ ಸುತ್ತು ಸುತ್ತು ಹೊಲಿದಿದ್ದು ಆ ಯಮ್ಮ ಅಲ್ವಾ?" ಎಂದರು. ನಾನು ಒಲೆಯ ಮೇಲಿನ ಪಾತ್ರೆ ಇಳಿಸಿದೆ. ಅವರು ಬಟಾಣಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಆ ಇಡೀ ವಾರ ನನಗೆ ಯಾವ ಕೆಲಸವೂ ಹತ್ತಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಒಬ್ಬ ಹುಡುಗಿ ಅಕ್ಕನ ಕೈಯಲ್ಲಿ ಹೊಲಿಸಿಕೊಂಡು ಬಂದ ಕರವಸ್ತ್ರವನ್ನು ತನ್ನದೆಂದು ತೋರಿಸಿದ್ದಳು. ಅವಳನ್ನು ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ನಿಜ ಹೇಳಿಸಿದ್ದೆ. ಅವಳ ಹೆಸರು ನೆನಪಿಲ್ಲ, ಕುತ್ತಿಗೆ ಬಗ್ಗಿಸಿ ನಿಂತದ್ದು ನೆನಪಿದೆ.

ಮುಂದಿನ ಶನಿವಾರ ನಾನು ಕೂರಲೇ ಇಲ್ಲ. ಹಾಲ್‌ನ ನಡುವೆ ನಿಂತೇ ಹೇಳಿದೆ. "ನಾಲ್ಕು ಬದಿ ಮಾತ್ರ ನಂದು. ಸುತ್ತಿನ ಹೊಲಿಗೆ ಅಲ್ಲಿ ರೊಟ್ಟಿ ಮಾಡೋ ಮಹಾದೇವೀದು. ಹೋದ ವಾರ ನಾನು ಸುಳ್ಳು ಹೇಳ್ದೆ."

ಮೇರಿ ಕಿಟಕಿಯ ಕಡೆ ನೋಡಿದಳು. ಶೈಲಜಾ ಮೆಲ್ಲಗೆ, "ಗೊತ್ತಾಯ್ತು ಮಿಸ್," ಎಂದಳು. "ನೀವು ಹೋದ್ಮೇಲೆ ಮಹಾದೇವಿಗೆ ಫೋನ್ ಮಾಡಿದ್ದೆ. ನೀವೇ ಹೇಳ್ತೀರಾ ಅಂತ ಸುಮ್ನಿದ್ದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಕಲ್ಲುಹೂವು ಹೊಲಿಯುವುದಲ್ಲದೆ ಇಷ್ಟು ಒಳ್ಳೆಯವಳೂ ಆಗಿರುವುದು ಯಾಕೆ ಎಂದು ಆ ಘಳಿಗೆಯಲ್ಲೂ ನನಗೆ ಹೊಟ್ಟೆ ಉರಿಯಿತು.

ಅದಾದ ವಾರ ನಾವೆಲ್ಲ ಕೆ.ಆರ್. ಪುರದ ಮಹಾದೇವಿಯ ಕೋಣೆಗೆ ಹೋದೆವು. ಕಾರು ಓಡಿಸಲು ನಮ್ಮವರು ಬಂದರು. ಅವಳ ಮಂಚದ ಮೇಲೆ ಅವಳವ್ವ ಹೊಲಿಯಲು ಶುರು ಮಾಡಿ ಇವಳು ಮುಗಿಸಿದ ಕೌದಿ ಹಾಸಿತ್ತು. ಹಳದಿ, ಹಸಿರು, ಕೆಂಪು ಸೀರೆಗಳ ತುಂಡುಗಳ ಮೇಲೆ ಅಂಚಿನಿಂದ ನಡುವಿನವರೆಗೆ ಆ ಅಲೆಯುವ ಸಾಲುಗಳು. ನನಗೆ ಮಗುಚಿ ನೋಡಬೇಕೆನಿಸಲಿಲ್ಲ, ಯಾಕೆಂದರೆ ಅದಕ್ಕೆ ಹಿಂಭಾಗವೇ ಇರಲಿಲ್ಲ, ಎರಡೂ ಕಡೆ ಮುಂಭಾಗವೇ. ಎದುರು ಗೋಡೆಗೆ ಇದನ್ನೇ ಹಾಕೋಣ, ಮಹಾದೇವಿಯ ಹೆಸರು ಬರೆದು, ಎಂದು ನಾನೇ ಹೇಳಿದೆ. ಮಹಾದೇವಿಗೆ ಅರ್ಥವಾಗಲಿಲ್ಲ. "ಹಾಸ್ಗಿ ಗ್ವಾಡಿಗ್ಯಾಕ್ರಿ ಅಕ್ಕಾರ? ಗ್ವಾಡಿಗೇನು ಥಂಡಿ ಆಗ್ತದೇನ್ರಿ?" ಎಂದು ನಕ್ಕಳು. ಆದರೂ ಕೊಟ್ಟಳು. ಪ್ರದರ್ಶನದ ಎರಡೂ ದಿನ ಬಾಗಿಲಲ್ಲಿ ಕಾಲಿಟ್ಟವರು ಅದರ ಮುಂದೆಯೇ ನಿಂತರು. ನನ್ನ ನವಿಲಿನ ಬಳಿ ಫ್ಯಾನು ಹಾಕಲು ಬಂದವರು ನಿಂತರು.

ಈಗ ಮಹಾದೇವಿ ಬಿಡುವಾದಾಗ ನಮಗೆ ಕಲಿಸುತ್ತಾಳೆ. ಮೊದಲ ದಿನ ಎಲ್ಲರ ಬಟ್ಟೆಯನ್ನೂ ನೋಡುತ್ತ ಬಂದಳು. ಶೈಲಜಾಳದಕ್ಕೆ "ಛಂದ ಆಗ್ಯದ್ರಿ" ಎಂದಳು. ನನ್ನದನ್ನು ಬಹಳ ಹೊತ್ತು ಹಿಡಿದುಕೊಂಡು, "ನಿಮ್ದು ಭಾಳ ನೆಟ್ಟಗ ಅದರಿ ಅಕ್ಕಾರ. ಕೈ ಸಡ್ಲ ಬಿಡ್ರಿ" ಎಂದಳು. ಅಷ್ಟರಲ್ಲಿ, ಕಾರು ಓಡಿಸಲೆಂದು ಬಂದು ಹೊಸ್ತಿಲ ಬಳಿ ಸುಮ್ಮನೆ ಕೂತಿದ್ದ ನಮ್ಮವರು ಹೊತ್ತು ಹೋಗಲಿ ಎಂದು ಒಂದು ತುಂಡಿನ ಮೇಲೆ ಏನೋ ಹೊಲಿದಿದ್ದರು. ಮಹಾದೇವಿ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. "ನೋಡ್ರಿ, ಸಾಹೇಬ್ರ ಕೈ ನೋಡ್ರಿ. ನಮ್ಮವ್ವಂದು ಹಿಂಗೇ ಇತ್ತು."

ಇದಾಗಿ ನಾಲ್ಕು ತಿಂಗಳಾಯಿತು. ನಮ್ಮವರು ಈಗ ಶನಿವಾರದ ಗುಂಪಿನ ಸದಸ್ಯರು. ಮೇರಿ ಅವರಿಗೆ ಬೇಕರಿಯಿಂದ ಪ್ಲಮ್ ಕೇಕ್ ತರುತ್ತಾಳೆ, ನನಗೆ ಈ ಎಂಟು ವರ್ಷದಲ್ಲಿ ಒಂದು ರಸ್ಕ್ ಕೂಡ ತಂದವಳಲ್ಲ. ಮುಂದಿನ ಪ್ರದರ್ಶನದ ಎದುರು ಗೋಡೆಗೆ ಅವರ ಕೌದಿ ಎಂದು ಆಗಲೇ ಮಾತು ನಡೆದಿದೆ. ಮೊದಲಾದರೆ ಹೊಟ್ಟೆಕಿಚ್ಚು ಪಡಲು ನಾನು ವಾರಕ್ಕೊಮ್ಮೆ ಆಟೋ ಹಿಡಿದು, ಮೆಟ್ರೊ ಹತ್ತಿ ಹಲಸೂರಿಗೆ ಹೋಗಬೇಕಿತ್ತು. ಈಗ ಅಡುಗೆಮನೆಯಿಂದ ಹಾಲ್‌ಗೆ ಬಂದರೆ ಸಾಕು. ಕಿಟಕಿಯ ಬಳಿ ಕೂತು, ರೇಡಿಯೊ ಕೇಳುತ್ತ, ಸೊಟ್ಟಸೊಟ್ಟಗೆ, ಕಣ್ಣು ಕೀಳಲಾಗದಷ್ಟು ಚೆನ್ನಾಗಿ ಹೊಲಿಯುತ್ತಿರುತ್ತಾರೆ.

ನಿನ್ನೆ ಸಂಜೆ, "ನಾಗೂ, ಈ ಸೂಜಿಗೆ ಸ್ವಲ್ಪ ದಾರ ಪೋಣಿಸಿ ಗಂಟು ಹಾಕ್ಕೊಡ್ತೀಯಾ, ಕಣ್ಣು ಕಾಣ್ತಿಲ್ಲ" ಎಂದರು. ಇಷ್ಟು ವರ್ಷ ಸಂಸಾರ ಮಾಡಿದವಳು, ಇಲ್ಲ ಎನ್ನಲಾದೀತೇ. ಬೆಳಕಿಗೆ ಹಿಡಿದು, ದಾರದ ತುದಿ ತೇವ ಮಾಡಿ, ಪೋಣಿಸಿಕೊಟ್ಟೆ. ಗಂಟು ಹಾಕಲಿಲ್ಲ.